ಹೆರಿಗೆ ಮನೆಯಲ್ಲಿ ಗಾಳದ ಗಂಟು

ದರ್ಜಿಗೆ ಗಂಟು ಹಾಕಲು ಯಾರು ಕಲಿಸಬೇಕು? ಈ ಸೊಕ್ಕು ನನಗಿತ್ತು. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವೇ ಕಂಡುಹಿಡಿದು ನಗುವುದು ಬೇಡ.

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಬಳ್ಳಾರಿಯ ಕೌಲ್ ಬಜಾರಿನಲ್ಲಿ ನನ್ನದೊಂದು ಹೊಲಿಗೆ ಮಷೀನು. ಯುದ್ಧ ನಡೆದಷ್ಟು ದಿನ ಖಾಕಿ ಅಂಗಿ, ಖಾಕಿ ಚಡ್ಡಿ ಹೊಲಿದು ಹೊಲಿದು, ಕಣ್ಣು ಮುಚ್ಚಿದರೂ ಖಾಕಿಯೇ ಕಾಣುತ್ತಿತ್ತು. ಸಿಪಾಯಿಗಳು ರೈಲು ಹತ್ತಿದರು, ಕೆಲಸವೂ ಅವರ ಜೊತೆ ಹತ್ತಿತು. ಊರಿನವರಿಗೆ ಹೊಲಿಯೋಣವೆಂದರೆ ಬಟ್ಟೆಗೆ ರೇಷನ್ನು. ವರ್ಷಕ್ಕೊಂದು ಅಂಗಿ ಹೊಲಿಸುವವರು ಹಳೆಯದರ ಕಾಲರನ್ನೇ ತಿರುವಿ ಹಾಕಿಸಿಕೊಂಡು ಹೋಗುತ್ತಿದ್ದರು. ಕಾಲರ್ ತಿರುವಲು ಎಷ್ಟು ಹೊತ್ತು ಬೇಕು? ಉಳಿದ ಹೊತ್ತೆಲ್ಲ ಕೈ ಖಾಲಿ. ನನ್ನ ಕೈ ಖಾಲಿ ಇದ್ದರೆ ನನಗೆ ಹುಚ್ಚು ಹಿಡಿಯುತ್ತದೆ. ಕತ್ತರಿ ತೆಗೆಯುತ್ತೇನೆ, ಇಡುತ್ತೇನೆ, ಬೀದಿಗೆ ಹೋಗುತ್ತೇನೆ, ಬರುತ್ತೇನೆ.

ಹೆಂಡತಿ ಚೊಚ್ಚಲ ಹೆರಿಗೆಗೆಂದು ಸಿರುಗುಪ್ಪದ ತವರಿಗೆ ಹೋಗಿದ್ದಳು. ಮನೆಯಲ್ಲಿ ಬೈಯಲೂ ಯಾರಿಲ್ಲ. ಹೋಗುವ ಮುಂಚೆ ಬೈಗುಳದ ಕೋಟಾ ಮುಗಿಸಿಯೇ ಹೋಗಿದ್ದಳೆನ್ನಿ. ನಾನು ಹಾರ್ಮೋನಿಯಂ ಕಲಿಯಲು ಹೋಗಿ ಬಿಟ್ಟಿದ್ದೆ, ಪಾರಿವಾಳ ಸಾಕಿ ಬಿಟ್ಟಿದ್ದೆ, ತಾಲೀಮಿಗೆ ಎಂಟು ದಿನ ಹೋಗಿ ಒಂಬತ್ತನೆಯ ದಿನ ಮಲಗಿದ್ದೆ. ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಹೇಳಿದ ಮಾತು ಇದು:

"ನಿಮ್ಮ ಕೈಯಾಗ ಹಿಡದಿದ್ದು ಪೂರಾ ಆಗಿದ್ದು ಒಂದರ ಐತೇನ್ರಿ? ಈ ಕೂಸು ನಾ ಹೊತ್ತೀನಿ, ಅದಕ್ಕ ಪೂರಾ ಆಗತೈತಿ."

ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅವಳು ಹೋದ ಮೇಲೆ ಎದೆಯೊಳಗೆ ಏನೋ ಕುಟ್ಟತೊಡಗಿತು. ಅವಳ ತಾಯಿ ಎರಡನೆಯ ಹೆರಿಗೆಯಲ್ಲಿ ತೀರಿಹೋಗಿದ್ದಳು. ಹೇಗೆ, ಏನು ಎಂದು ಆ ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ದಿನ ಹತ್ತಿರ ಬಂದಂತೆ ನನಗೆ ಅದೊಂದೇ ಯೋಚನೆ. ಹೋಗಿ ನೋಡೋಣವೆಂದರೆ, ಹೆರಿಗೆಗೆ ಮುಂಚೆಯೇ ಅಳಿಯ ಹೋಗಿ ಮಾವನ ಮನೆಯಲ್ಲಿ ಕೂತರೆ ಊರು ಏನನ್ನುತ್ತದೆ? ಒಂದು ನೆಪ ಬೇಕಿತ್ತು.

ನಮ್ಮ ಮಾವ ಹೊಳೆಯ ಮನುಷ್ಯ. ಹರಿಗೋಲು ಹಾಕುತ್ತಿದ್ದ, ಮೀನು ಹಿಡಿಯುತ್ತಿದ್ದ. ನಮ್ಮದೂ ಅದೇ ಕುಲವೇ. ನಮ್ಮಪ್ಪ ಹೊಳೆ ಬಿಟ್ಟು ಬಳ್ಳಾರಿಗೆ ಬಂದು ಸೂಜಿ ಹಿಡಿದವನು. ಹಾಗಾಗಿ ನನಗೆ ಈಜು ಕೂಡ ಬಾರದು. ಅಳಿಯ ಗಾಳ ಹಾಕಲು ಕಲಿಯಬೇಕಂತೆ ಎಂದರೆ ಮಾವ ಬೇಡವೆನ್ನಲಾರ. ಇದೇ ನೆಪ.

ಸಿಪಾಯಿಗಳು ಬಿಟ್ಟುಹೋದ ಸಾಮಾನು ಗುಜರಿ ಅಂಗಡಿಗಳಲ್ಲಿ ರಾಶಿ ಬಿದ್ದಿತ್ತು. ಒಂದು ಅಂಗಡಿಯಲ್ಲಿ ಮೂರು ತುಂಡಿನ ಗಾಳದ ಕೋಲು ಕಂಡಿತು. ತುಂಡು ತುಂಡಿಗೂ ಹಿತ್ತಾಳೆಯ ಬಳೆ, ಹಿಡಿಗೆ ಬೆಂಡಿನ ಮೈ, ಬುಡದಲ್ಲಿ ದಾರ ಸುತ್ತುವ ಹಿತ್ತಾಳೆಯ ರಾಟೆ. ತಿರುಗಿಸಿದರೆ ಟಿರ್ರ್ ಎನ್ನುತ್ತಿತ್ತು. ಮನಸ್ಸು ಅಲ್ಲೇ ಬಿತ್ತು.

"ಕರ್ನಲ್ ಸಾಹೇಬ್ರ ಕೋಲು ಮಾಸ್ಟರ್. ಹಿಡದು ನೋಡ್ರಿ," ಎಂದ ಅಂಗಡಿಯವನು.

"ಯಾವ ಕರ್ನಲ್?"

"ಹೆಸರು ತಗೊಂಡು ಏನ್ ಮಾಡ್ತೀರಿ? ಹೆಸರಿಂದ ಮೀನ ಹಿಡೀತೀರೇನು?"

ಅವನಿಗೊಂದು ಕೋಟು ಹೊಲಿದು ಕೊಡುವ ಮಾತಿನ ಮೇಲೆ ಕೋಲು ನನ್ನದಾಯಿತು. ಜೊತೆಗೆ ದಾರ, ಗಾಳ. ನಾನು ಹೇಗೆ ಆರಿಸಿದೆ ಗೊತ್ತೇ? ದರ್ಜಿ ಆರಿಸಿದ ಹಾಗೆ. ದಾರದಲ್ಲಿ ಹೊಳಪು ನೋಡಿದೆ. ಹಸಿರು ರೇಷ್ಮೆ ದಾರ, ಬೆರಳಿಗೆ ನುಣ್ಣಗೆ ತಾಗುತ್ತಿತ್ತು. ಎಳೆದು ನೋಡಬೇಕೆಂಬ ಬುದ್ಧಿ ಬರಲಿಲ್ಲ. ಗಾಳಗಳಲ್ಲಿ ಎಲ್ಲಕ್ಕಿಂತ ದೊಡ್ಡವನ್ನೇ ಆರಿಸಿದೆ. ದೊಡ್ಡ ಗಾಳಕ್ಕೆ ದೊಡ್ಡ ಮೀನು ಎಂಬ ಲೆಕ್ಕ. ಸೂಜಿಗಿದ್ದಂತೆ ಕಣ್ಣು ಇದ್ದವುಗಳನ್ನೇ ಹುಡುಕಿ ತೆಗೆದೆ. ಕಣ್ಣಿದ್ದರೆ ದಾರ ಪೋಣಿಸುವುದು ನನಗೆ ಹೊಸದೇ?

ಸಿರುಗುಪ್ಪಕ್ಕೆ ಹೋಗಿ ನಗೆಪಾಟಲಾಗುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಕುರುಗೋಡಿನ ಅಕ್ಕನ ಮನೆಗೆ ಹೋದೆ. ಅಲ್ಲಿ ಬೆಟ್ಟದ ಬುಡದಲ್ಲಿ ಕೆರೆ. ಭಾವ ಬಂಡೆಯ ಮೇಲೆ ವೀಳ್ಯ ಜಗಿಯುತ್ತ ಕೂತ. ನಾನು ಗಾಳಕ್ಕೆ ದಾರ ಪೋಣಿಸಿ, ತುದಿಯನ್ನು ಬೆರಳಿಗೆ ಸುತ್ತಿ ಹೊಸೆದು ಎಳೆದೆ. ದರ್ಜಿಯ ಗಂಟು. ಬಟ್ಟೆಯಿಂದ ದಾರ ಜಾರದಂತೆ ತಡೆಯುವ ಗಂಟು ಅದು. ಕರ್ನಲ್ ಸಾಹೇಬರನ್ನು ನೆನೆದು ಕೋಲು ಬೀಸಿದೆ. ರಾಟೆ ಟಿರ್ರ್ ಎಂದಿತು. ದೂರದಲ್ಲಿ ಪುಳಕ್ಕೆಂದು ನೀರು ಹಾರಿತು. ಸುತ್ತಿ ನೋಡಿದರೆ ಬರೀ ದಾರ. ಗಾಳ ತಾನೊಂದೇ ಕೆರೆಗೆ ಹೋಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯ ಸಲ ದಾರವೇ ನಡುವೆ ಪಟ್ಟೆಂದಿತು. ಹೊಳಪಿನ ದಾರ ಒಳಗೆಲ್ಲ ಕೊಳೆತಿತ್ತು.

"ಮೀನಿಗೆ ಉಡುಗೊರಿ ಕೊಡಾಕ ಬಂದೀಯೇನಲೇ?" ಎಂದ ಭಾವ. ಎದ್ದು ಹೋಗಿ ಹಿತ್ತಲಿನಿಂದ ಒಂದು ಬಿದಿರು ಕಡಿದು ತಂದು ನನ್ನ ಕೈಗೆ ಕೊಟ್ಟ. "ಇದನ್ನ ತಗೊಂಡು ಹೋಗು. ಆ ಹಿತ್ತಾಳಿದು ಮಾರಿ ಚರಿಗಿ ಮಾಡಿಸ್ಕೋ."

ಎರಡೂ ಕೋಲು ಹೊತ್ತು ಇದ್ದಿಲು ಬಸ್ಸು ಹತ್ತಿದೆ. ಪೆಟ್ರೋಲು ಸಿಗದ ಕಾಲದಲ್ಲಿ ಬಸ್ಸಿನ ಹಿಂದೆ ಒಲೆ ಕಟ್ಟಿ ಇದ್ದಿಲಿನ ಹೊಗೆಯಲ್ಲಿ ಓಡಿಸುತ್ತಿದ್ದರಲ್ಲ, ಅದು. ಏರು ಬಂದಾಗೆಲ್ಲ ನಿಂತಿತು. ಇಳಿದೆವು, ತಳ್ಳಿದೆವು, ಹತ್ತಿದೆವು. ನನಗೆ ಮಾತ್ರ ತಳ್ಳುವುದೇ ಹಿತವಾಗಿತ್ತು. ಕೂತರೆ ಎದೆ ಕುಟ್ಟುತ್ತಿತ್ತು.

ಮಾವ ಬಾಗಿಲಲ್ಲೇ ನನ್ನನ್ನು ಮೇಲಿಂದ ಕೆಳಗೆ ನೋಡಿದ. ಹೊಸಿಲ ಮೇಲೆ ಕೈ ಅಡ್ಡ ಇಟ್ಟ.

"ಬರ್ರಿ ಅಳಿಯಾರ. ನೀವು ಒಳಗ ಬರ್ರಿ. ಆ ಸಾಮಾನು ಬ್ಯಾಡ."

"ಗಾಳ ಕಲಿಯಾಕ ಬಂದೀನಿ ಮಾವಾ."

"ಕಲೀರಿ. ಹೊಳ್ಯಾಗ ಕಲೀರಿ. ಮನ್ಯಾಗ ಬ್ಯಾಡ."

ಯಾಕೆ ಎಂದು ಕೇಳಿದೆ. ಹೇಳಲಿಲ್ಲ. ಮೀನುಗಾರನ ಮನೆ, ಆದರೆ ಒಳಗೆ ಒಂದು ಬಲೆ ಇರಲಿಲ್ಲ. ಹಿಂದೆ ಬಂದಾಗ ಗೋಡೆಯ ತುಂಬ ಬಲೆಗಳು ತೂಗುತ್ತಿದ್ದವು. ಈಗ ಬರೀ ಗೂಟಗಳು. ಎಲ್ಲವನ್ನೂ ಹೊಳೆದಂಡೆಯ ಗುಡಿಸಲಿಗೆ ಸಾಗಿಸಿದ್ದ. ಬಸುರಿಗೆ ಮೀನಿನ ವಾಸನೆ ಆಗದೇನೋ ಎಂದುಕೊಂಡೆ. ಕೇಳುವ ಬಾಯಿ ನನ್ನದು, ತಿಳಿದುಕೊಳ್ಳುವ ತಲೆಯಲ್ಲ.

ಹೊಳೆದಂಡೆಯಲ್ಲಿ ಅವನು ನನ್ನ ಸಾಮಾನನ್ನು ಒಂದೊಂದಾಗಿ ನೋಡಿದ. ಹಿತ್ತಾಳೆ ಕೋಲನ್ನು ಒಮ್ಮೆ ಬಾಗಿಸಿ ಬದಿಗಿಟ್ಟ. ಹಸಿರು ದಾರವನ್ನು ಎರಡು ಬೆರಳಲ್ಲಿ ಹರಿದು ತೋರಿಸಿದ. ದೊಡ್ಡ ಗಾಳ ನೋಡಿ, "ಇದು ಮೀನಿಗಲ್ಲ, ಮೊಸಳಿಗೆ," ಎಂದ. ಭಾವ ಕೊಟ್ಟ ಬಿದಿರಿನ ತುದಿಯನ್ನು ಮಾತ್ರ ಬೆರಳಿಂದ ಮಿಡಿದು ತಲೆಯಾಡಿಸಿದ. ತನ್ನ ಹತ್ತಿ ಹುರಿ ಕೊಟ್ಟ. ತಂಗಡಿ ಗಿಡದ ತೊಗಟೆಯ ರಸದಲ್ಲಿ ಅದ್ದಿ ಒಣಗಿಸಿದ ಕಂದು ಹುರಿ, ನೋಡಲು ದರಿದ್ರ, ಎಳೆದರೆ ಕೈ ಕೊಯ್ಯುತ್ತಿತ್ತು. ಜೋಳದ ದಂಟಿನ ಬೆಂಡನ್ನು ಕೊಯ್ದು ತೇಲಿಸಲು ಕಟ್ಟಿದ. ಆಮೇಲೆ ಊರಿನ ಕಮ್ಮಾರ ಮಾಡಿದ ಸಣ್ಣ ಗಾಳ ತೆಗೆದ. ಅದಕ್ಕೆ ಕಣ್ಣೇ ಇರಲಿಲ್ಲ. ತುದಿ ಬಡಿದು ಚಪ್ಪಟೆ ಮಾಡಿದ್ದರು, ಅಷ್ಟೇ.

"ದಾರ ಎಲ್ಲಿ ಪೋಣಸಲಿ ಮಾವಾ?"

"ಪೋಣಸಬ್ಯಾಡ್ರಿ. ಸುತ್ತರಿ."

ಗಾಳದ ಬೆನ್ನಿಗೆ ಹುರಿಯನ್ನು ಮಡಚಿ ಇಟ್ಟು, ಅದರ ಮೇಲೆ ಏಳು ಸುತ್ತು ಒತ್ತೊತ್ತಾಗಿ ಸುತ್ತಿ, ತುದಿಯನ್ನು ಮಡಿಕೆಯೊಳಗೆ ತೂರಿಸಿ, ಉಗುಳು ಹಚ್ಚಿ, ನಿಧಾನ ಎಳೆಯಬೇಕು. ಅವನು ಮಾಡಿದರೆ ಗಾಳಕ್ಕೆ ಬಳೆ ತೊಡಿಸಿದ ಹಾಗೆ ಕಾಣುತ್ತಿತ್ತು. ನಾನು ಮಾಡಿದರೆ ಗಾಯಕ್ಕೆ ಕಟ್ಟಿದ ಪಟ್ಟಿ.

"ಅವಸರ ಮಾಡಬ್ಯಾಡ್ರಿ ಅಳಿಯಾರ."

"ಅವಸರ ಎಲ್ಲಿ ಮಾಡೀನಿ?"

"ಉಗುಳು ಹಚ್ಚಾದು ಮರತೀರಿ. ಒಣಾ ಗಂಟು ತನ್ನ ತಾನ ತಿಂತೈತಿ."

ಮೂರು ದಿನ ಹೊಳೆಯಲ್ಲಿ ಇದೇ ಪಾಠ. ಆದರೆ ಹೊಳೆಯಲ್ಲಿ ಎಷ್ಟು ಹೊತ್ತು ಇರಲಾದೀತು? ಊಟಕ್ಕೆ ಮನೆಗೆ ಬರಬೇಕು. ಒಳಕೋಣೆಯಲ್ಲಿ ಅವಳು, ಪಡಸಾಲೆಯಲ್ಲಿ ನಾನು, ನಡುವೆ ಅಜ್ಜಿ. ಅಜ್ಜಿ ಎಂದರೆ ಮಾವನ ತಾಯಿ. ಊರಿಗೆಲ್ಲ ಅವಳೇ ಸೂಲಗಿತ್ತಿ. ಕಣ್ಣು ಮಂಜಾಗಿತ್ತು, ಬಾಯಿ ಮಂಜಾಗಿರಲಿಲ್ಲ. ಅವಳಿಗೆ ಕಾಣುವುದಿಲ್ಲವೆಂಬ ಧೈರ್ಯದ ಮೇಲೆ ನಾನು ಜೇಬಿನಿಂದ ಹುರಿಯ ತುಂಡು ತೆಗೆದು ಪಡಸಾಲೆಯಲ್ಲೇ ಅಭ್ಯಾಸ ಶುರು ಮಾಡಿದೆ. ಮಂಚದ ಕಾಲಿಗೊಂದು, ಕಿಟಕಿಯ ಸರಳಿಗೆ ಎರಡು, ಬೀಸುಕಲ್ಲಿನ ಗೂಟಕ್ಕೊಂದು, ಮೇಕೆ ಕಟ್ಟುವ ಗೂಟಕ್ಕೊಂದು, ಕಂದೀಲಿನ ಹಿಡಿಗೊಂದು. ಏಳು ಸುತ್ತು, ಉಗುಳು, ಎಳೆ. ಒಳಗಿಂದ ಅವಳ ನರಳಿಕೆ ಕೇಳಿದಾಗೆಲ್ಲ ಒಂದೊಂದು ಗಂಟು ಹೆಚ್ಚು ಬೀಳುತ್ತಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಹೊಳೆಯಲ್ಲಿ ನಾನು ಕಟ್ಟಿದ ಗಾಳವನ್ನು ಮಾವ ಕಾಲ್ಬೆರಳಿಗೆ ಸಿಕ್ಕಿಸಿ ಎಳೆದು ನೋಡಿದ. ಮತ್ತೆ ಎಳೆದ.

"ಇದು ಗಂಟು," ಎಂದ.

ಇಷ್ಟೇ. ನನಗೆ ಹಾರ್ಮೋನಿಯಂ, ಪಾರಿವಾಳ, ತಾಲೀಮು ಎಲ್ಲ ಒಟ್ಟಿಗೆ ಗೆದ್ದಷ್ಟು ಖುಷಿ. ಎರೆಹುಳ ಚುಚ್ಚಿ ಗಾಳವನ್ನು ಜಾಲಿಯ ಬುಡದ ಮಡುವಿಗೆ ಬಿಟ್ಟು, ಕೋಲನ್ನು ಕೆಸರಿಗೆ ಊರಿ, ರೊಟ್ಟಿ ತಿಂದು ಬರುತ್ತೇನೆಂದು ಮನೆಗೆ ಬಂದೆ. ಅಷ್ಟರಲ್ಲಿ ಬೇನೆ ಶುರುವಾಗಿತ್ತು.

ಮಾವ ಹರಿಗೋಲು ಬಿಟ್ಟು ಓಡಿ ಬಂದು ಜಗುಲಿಯ ಮೇಲೆ ಕೂತ. ಬಿಸಿಲು ಏರಿತು. ಅವಳ ಕೂಗು ಏರಿತು, ಇಳಿಯಿತು, ಮತ್ತೆ ಏರಿತು. ಕೂಸು ಮಾತ್ರ ಬರಲಿಲ್ಲ. ನಾನು ಜಗುಲಿಯಿಂದ ಬೀದಿಗೆ, ಬೀದಿಯಿಂದ ಜಗುಲಿಗೆ. ಅಜ್ಜಿ ಹೊರಗೆ ಬಂದಳು. ಮುಖದಲ್ಲಿ ಬೆವರು. ತನ್ನ ತುರುಬನ್ನು ತಾನೇ ಬಿಚ್ಚಿಕೊಂಡಿದ್ದಳು.

"ಪೆಟಗಿ ಬೀಗ ತಗದೀಯೇನೋ?" ಎಂದು ಮಗನನ್ನು ಕೇಳಿದಳು.

"ತಗದೀನವ್ವಾ. ಬಾಗಲಾ, ಪೆಟಗಿ, ಎಲ್ಲಾ ತಗದೀನಿ. ಮೇಕಿ ಹಗ್ಗಾನೂ ಬಿಚ್ಚೀನಿ."

"ಮತ್ಯಾಕ ತಡೀತೈತಿ? ಎಲ್ಲೋ ಗಂಟೈತಿ."

ಹೆರುವ ಹೆಂಗಸಿರುವ ಮನೆಯಲ್ಲಿ ಗಂಟು ಇರಬಾರದು, ಬೀಗ ಇರಬಾರದು, ಕಟ್ಟಿದ್ದೆಲ್ಲ ಬಿಚ್ಚಬೇಕು, ಅಂದರೆ ಕೂಸಿನ ದಾರಿ ಬಿಚ್ಚುತ್ತದೆ. ಇದು ಅವರ ನಂಬಿಕೆ. ಬಲೆ ಎಂದರೆ ಬರೀ ಗಂಟೇ. ಅದಕ್ಕೇ ಬಲೆಗಳು ತಿಂಗಳ ಮುಂಚೆಯೇ ಮನೆ ಬಿಟ್ಟಿದ್ದವು. ಬಳ್ಳಾರಿಯ ಬಜಾರಿನಲ್ಲಿ ಬೆಳೆದ ನನಗೆ ಇದು ಯಾರು ಹೇಳಬೇಕು? ಅಂಥ ಮಾತನ್ನು ಬಾಯಿಬಿಟ್ಟು ಹೇಳಿದರೆ ಕೆಡುಕೆಂದು ಯಾರೂ ಹೇಳಿರಲಿಲ್ಲ. ತೆರೆದ ಬಾಗಿಲಿಂದ ಪಡಸಾಲೆಯ ಕಡೆ ನೋಡಿದೆ.

"ಅಜ್ಜೀ," ಎಂದೆ. "ಪಡಸಾಲ್ಯಾಗ ನಾ ಒಂದೀಟು ಕಟ್ಟೀನಿ."

"ಏನ್ ಕಟ್ಟೀದಿ?"

"ಗಾಳದ ಗಂಟು. ಒಂದು... ಏಳೆಂಟು."

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮಾವ ನನ್ನ ಮುಖ ನೋಡಿ ಬೇರೆ ಕಡೆ ತಿರುಗಿದ.

"ಬಿಚ್ಚು," ಎಂದಳು. "ಕತ್ತರಿ ಮುಟ್ಟಸಬ್ಯಾಡ. ಕತ್ತರಸಿದ್ರ ಬಿಚ್ಚಿದಂಗಲ್ಲ. ಕೈಲೇ ಬಿಚ್ಚು. ಹಂಗ ನಿನ್ನ ಪೈಜಾಮದ ಲಾಡಿನೂ ಬಿಚ್ಚು."

"ಲಾಡಿನಾ?"

"ಗಂಟಲ್ಲೇನದು? ನಾಚಿಕಿ ಆಮ್ಯಾಲ ಪಡೂವಂತಿ."

ಎಡಗೈಯಲ್ಲಿ ಪೈಜಾಮ ಹಿಡಿದು, ಬಲಗೈಯಲ್ಲಿ, ಹಲ್ಲಲ್ಲಿ ಗಂಟು ಬಿಚ್ಚಿದೆ. ಮಂಚದ ಕಾಲು, ಕಿಟಕಿ, ಬೀಸುಕಲ್ಲು, ಮೇಕೆ ಗೂಟ. ನನ್ನ ಕೆಟ್ಟ ಗಂಟುಗಳು ಬೇಗ ಬಿಚ್ಚಿದವು. ಕಲಿತಂತೆ ಕಟ್ಟಿದವು ಉಗುರು ಕಿತ್ತವು. ಕಂದೀಲಿನದು ಕೊನೆಯದು. ಅದೂ ಬಿಚ್ಚಿತು. ಒಳಗಿನ ಕೂಗು ಮಾತ್ರ ಹಾಗೆಯೇ ಇತ್ತು.

"ಮುಗೀತೇನು?" ಎಂದಳು ಅಜ್ಜಿ.

ಮಾವ ಬಾಯಿ ಬಿಟ್ಟ. "ಹೊಳ್ಯಾಗ ಒಂದೈತಿ."

"ಅದು ಮನ್ಯಾಗ ಇಲ್ಲಲ್ಲಾ ಅಜ್ಜೀ!"

"ಕೂಸಿನ ಅಪ್ಪ ಕಟ್ಟಿದ್ದು ಎಲ್ಲಿದ್ರೂ ಗಂಟೇ."

ನನಗೂ ಸಿಟ್ಟು ಬಂತು. "ಹಂಗಾದ್ರ ಬಳ್ಳಾರ್ಯಾಗ ನಾ ಹೊಲದಿದ್ದ ಅಂಗಿ ಚಡ್ಡಿ ಎಲ್ಲಾ ಬಿಚ್ಚಿ ಬರ್ಲೇನು?"

"ಅದು ಹೊಟ್ಟಿಪಾಡು. ಇದು ಚೆಲ್ಲಾಟ. ಓಡಲೇ!"

ಓಡಿದೆ. ಸಿರುಗುಪ್ಪದ ಬೀದಿಯಲ್ಲಿ ಹಾಡಹಗಲು, ಎರಡೂ ಕೈಯಲ್ಲಿ ಪೈಜಾಮ ಹಿಡಿದು, ಊರಿನ ಅಳಿಯ ಓಡಿದ. ಯಾರೋ ಹೆಂಗಸರು ಬಾವಿಯ ಬಳಿ ಕೊಡ ಇಳಿಸಿ ನೋಡಿದರು. ಯಾರೂ ನಗಲಿಲ್ಲ. ಅವರಿಗೆ ಅರ್ಥವಾಗಿತ್ತು. ನಗದೇ ಇದ್ದದ್ದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೊಳೆಯಲ್ಲಿ ನನ್ನ ಕೋಲು ಬಿಲ್ಲಿನಂತೆ ಬಾಗಿ ನಿಂತಿತ್ತು. ಬೆಂಡು ಕಾಣುತ್ತಿರಲಿಲ್ಲ. ಹುರಿ ನೀರನ್ನು ಅತ್ತ ಇತ್ತ ಸೀಳುತ್ತಿತ್ತು. ನನ್ನ ಜನ್ಮದ ಮೊದಲ ಮೀನು, ನೋಡಿ, ಅವತ್ತೇ ಬಿದ್ದಿತ್ತು. ಎಳೆದೆ. ಮೊಣಕೈ ಉದ್ದದ ಬಾಳೆ ಮೀನು, ಮೀಸೆ, ಅಗಲ ಬಾಯಿ, ಬೆಳ್ಳಿಯಂಥ ಮೈ. ಅದರ ಬಾಯಿಂದ ಗಾಳ ಬಿಡಿಸುವಾಗ ಕೈಗೆ ಹಲ್ಲು ತಾಗಿ ರಕ್ತ ಬಂತು. ಬಿಡಿಸಿದ ಮೇಲೆ ಅದು ನನ್ನ ಮಡಿಲಿಂದ ಕೆಸರಿಗೆ, ಕೆಸರಿನಿಂದ ನೀರಿಗೆ ಜಾರಿತು. ನಾನು ಕೈ ಕೂಡ ಚಾಚಲಿಲ್ಲ. ನನ್ನ ಕಣ್ಣು ಗಂಟಿನ ಮೇಲಿತ್ತು.

ಮೀನು ಬೆಳಗಿನಿಂದ ಜಗ್ಗಿ ಜಗ್ಗಿ ಆ ಏಳು ಸುತ್ತನ್ನು ಕಲ್ಲು ಮಾಡಿತ್ತು. ಎಳೆದಷ್ಟೂ ಬಿಗಿಯಾಗಬೇಕು ಎಂದು ಕಲಿಸಿದವನು ಮಾವ, ಚೆನ್ನಾಗಿಯೇ ಕಲಿಸಿದ್ದ. ಉಗುರಿಗೆ ಬಗ್ಗಲಿಲ್ಲ. ಹಲ್ಲಿಗೆ ಬಗ್ಗಲಿಲ್ಲ. ಜೇಬಿನಲ್ಲಿ ಕತ್ತರಿ ಇತ್ತು. ದರ್ಜಿಯ ಜೇಬಿನಲ್ಲಿ ಯಾವಾಗಲೂ ಇರುತ್ತದೆ. ಒಂದು ಕಚಕ್. ಯಾರು ನೋಡುತ್ತಾರೆ? ಕತ್ತರಿ ಹೊರಗೆ ತೆಗೆದೆ, ಸುಳ್ಳು ಹೇಳುವುದಿಲ್ಲ. ಬೆರಳು ಅದರ ಕಿವಿಯೊಳಗೆ ಹೋಗಿತ್ತು. ಆಗ ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಅವಳು ಅಂದ ಮಾತು ನೆನಪಾಯಿತು. ಕತ್ತರಿಯನ್ನು ದೂರ ಎಸೆದು, ಕಾಲರಿನ ಅಡಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದೆ.

ಸೂಜಿಯ ಮೊನೆಯನ್ನು ಸುತ್ತಿನ ಅಡಿಗೆ ತೂರಿಸಿ, ಕೂದಲೆಳೆಯಷ್ಟು ಎತ್ತಿ, ಉಗುಳು ಹಾಕಿ, ಮತ್ತೆ ಎತ್ತಿ. ಒಂದು ಸುತ್ತು ಬಂತು. ಜೀವಮಾನದಲ್ಲಿ ನಾನು ಅಷ್ಟು ನಿಧಾನ ಕೆಲಸ ಮಾಡಿದ್ದಿಲ್ಲ. ಎರಡು. ಮೂರು. ಐದನೆಯದು ಬರುವಾಗ ದಂಡೆಯ ಮೇಲೆ ಮಾವ ಬಂದು ನಿಂತ. ಏದುಸಿರು.

"ಕೂಸು ಬಂತು," ಎಂದ. "ಹೆಣ್ಣು."

ನಾನು ಏಳಹೋದೆ. ಅವನು ನನ್ನ ಹೆಗಲು ಒತ್ತಿ ಕೂರಿಸಿದ.

"ಕಸ ಬಿದ್ದಿಲ್ಲ, ಮಾಸು ಇನ್ನೂ ಒಳಗೈತಿ. ಎಷ್ಟು ಉಳದಾವು?"

"ಎರಡು."

ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ನೀರಿನ ಕಡೆ ನೋಡುತ್ತ ಹೇಳಿದ: "ಈಕಿ ಅವ್ವಗೂ ಹಿಂಗ ಆಗಿತ್ತು. ಕೂಸು ಬಂತು, ಕಸ ಬರ್ಲಿಲ್ಲ. ಬಲಿ ಎಲ್ಲಾ ಮನ್ಯಾಗ ಇದ್ವು. ನಮ್ಮವ್ವ ಬಿಚ್ಚು ಅಂದ್ಲು. ಬಲಿ ಹೆಂಗ ಬಿಚ್ಚತೀರಿ, ಅಳಿಯಾರ? ಸಾವಿರ ಗಂಟು. ಕುಂತು ಒಂದೊಂದ ಬಿಚ್ಚಾಕ ಹತ್ತಿದ್ದೆ."

ಮನೆಯಲ್ಲಿ ಯಾರೂ ಆಡದ ಮಾತು ಅದು. ನನ್ನ ಕೈಯಿಂದ ಗಾಳ ತೆಗೆದುಕೊಂಡ. ಸುತ್ತಿನ ಅಡಿಗೆ ಉಗುರು ತೂರಿಸಹೋದ, ಎರಡು ಸಲವೂ ಜಾರಿತು. ಮೂವತ್ತು ವರ್ಷ ಗಂಟು ಹಾಕಿದ ಬೆರಳು. ನನಗೇ ವಾಪಸು ಕೊಟ್ಟು, ಗಾಳ ಅಲ್ಲಾಡದಂತೆ ಅದರ ಬೆನ್ನನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡ. ನಾನು ಸೂಜಿ ತೂರಿಸಿದೆ. ಆರು. ಉಗುಳು. ಏಳು. ಹುರಿ ಗಾಳದಿಂದ ಜಾರಿ ನನ್ನ ಅಂಗೈಯಲ್ಲಿ ಸುರುಳಿ ಸುರುಳಿಯಾಗಿ ಬಿತ್ತು.

ಇಬ್ಬರೂ ಓಡಿದೆವು. ಬಾಗಿಲಲ್ಲಿ ಅಜ್ಜಿ ಕೈ ತೊಳೆಯುತ್ತಿದ್ದಳು.

"ಎಲ್ಲಾ ಆತು," ಎಂದಳು. "ಹೊಳಿ ಗಂಗವ್ವ ಕಾದಳು. ಲಾಡಿ ಕಟಗೋ ಇನ್ನ."

ಗಂಟು ಮೊದಲು ಬಿಚ್ಚಿತೋ ಕಸ ಮೊದಲು ಬಿದ್ದಿತೋ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ನಂಬುತ್ತೀಯಾ ಎಂದು ಕೇಳಿದರೆ, ಇಲ್ಲ ಎನ್ನುತ್ತೇನೆ. ಆದರೆ ಅವತ್ತು ಕತ್ತರಿ ಹಾಕಿದ್ದರೆ ಇವತ್ತಿಗೂ ನನಗೆ ನಿದ್ದೆ ಬರುತ್ತಿರಲಿಲ್ಲ, ಅದೂ ನಿಜ.

ಸಂಜೆ ಒಳಗೆ ಬಿಟ್ಟರು. ಅವಳ ಮುಖ ಬಿಳಿಚಿತ್ತು. ಪಕ್ಕದಲ್ಲಿ ಕೆಂಪನೆಯ ಒಂದು ಮುಷ್ಟಿ ಮಗಳು.

"ಮೀನ ಬಿದ್ದಿತ್ತಂತ?" ಎಂದಳು ಮೆಲ್ಲಗೆ.

"ಬಿದ್ದಿತ್ತು. ಹೋತು."

"ಅದೂ ಪೂರಾ ಆಗ್ಲಿಲ್ಲ ಅನ್ರಿ."

ಅವಳ ಬಿಚ್ಚಿದ ಕೂದಲು ದಿಂಬಿನ ತುಂಬ ಹರಡಿತ್ತು. ಅವಳು ನನ್ನ ಒಡೆದ ಉಗುರುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು.

ಹೆಸರಿಟ್ಟ ದಿನ ಮಾವ ಗುಡಿಸಲಿನಿಂದ ಬಲೆಗಳನ್ನು ಹೊತ್ತು ತಂದು ಗೋಡೆಯ ಗೂಟಗಳಿಗೆ ತೂಗುಹಾಕಿದ. ಆಮೇಲೆ ಪಡಸಾಲೆಯ ನಡುವೆ ಕೂತು, ಅದೇ ಗಾಳ, ಅದೇ ಕಂದು ಹುರಿ ನನ್ನ ಮುಂದೆ ಇಟ್ಟ.

"ಕಟ್ರಿ."

"ಇಲ್ಲೇ?"

"ಇಲ್ಲೇ."

ಒಳಗೆ ತೊಟ್ಟಿಲು ಕಿರ್ ಕಿರ್ ಎನ್ನುತ್ತಿತ್ತು. ನಾನು ಹುರಿ ಮಡಚಿದೆ, ಏಳು ಸುತ್ತು ಸುತ್ತಿದೆ, ತುದಿ ತೂರಿಸಿದೆ.

"ಉಗುಳು," ಎಂದ ಮಾವ.

ಹಚ್ಚಿದೆ. ನಿಧಾನ ಎಳೆದೆ.